ಖಾಲಿ ಟ್ಯಾಂಕು ಖಾಲಿಯಲ್ಲ: ಇಂಧನ ಟ್ಯಾಂಕ್ ತೆರವು, ಕಲುಷಿತ ನೆಲದ ಶುದ್ಧೀಕರಣ ಮತ್ತು ಕಾರ್ಮಿಕರ ಸುರಕ್ಷತೆ

ಪೀಠಿಕೆ

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠವನ್ನು ಅಭ್ಯಾಸ ಬೋಧನೆಯಲ್ಲಿ ನಾವೆಲ್ಲರೂ ಒಮ್ಮೆಯಾದರೂ ತೆಗೆದುಕೊಳ್ಳುತ್ತೇವೆ. ಅಗ್ನಿ ತ್ರಿಕೋನ, ಜ್ವಲನ ತಾಪ, ಮೇಣದ ಬತ್ತಿಯ ಜ್ವಾಲೆಯ ವಲಯಗಳು, ಇಷ್ಟಕ್ಕೆ ಪಾಠ ಮುಗಿಯುತ್ತದೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳು ಸರಿಯಾಗಿಯೇ ಉತ್ತರ ಕೊಡುತ್ತಾರೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಶಾಲೆಗಳಲ್ಲಿ ಕುಳಿತ ಆ ಮಕ್ಕಳ ಮನೆಯವರ ಕೆಲಸವನ್ನು ಒಮ್ಮೆ ನೆನೆಯೋಣ. ಕೆಲವರು ಸಕ್ಕರೆ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ, ಕೆಲವರು ವೆಲ್ಡಿಂಗ್ ಅಂಗಡಿ, ಟ್ಯಾಂಕರ್ ಕ್ಲೀನರ್, ಜೆಸಿಬಿ ಚಾಲಕ, ಪೆಟ್ರೋಲ್ ಪಂಪಿನ ಹುಡುಗ. ಅಗ್ನಿ ತ್ರಿಕೋನ ಇವರಿಗೆ ಪರೀಕ್ಷೆಯ ಚಿತ್ರವಲ್ಲ, ದಿನದ ಕೂಲಿಯ ಜೊತೆ ಬರುವ ಅಪಾಯ.

ಇಂಧನ ಟ್ಯಾಂಕನ್ನು ನೆಲದಿಂದ ತೆಗೆಯುವುದು ಮತ್ತು ಇಂಧನ ಸೋರಿ ಕೆಟ್ಟ ನೆಲವನ್ನು ಶುದ್ಧಗೊಳಿಸುವುದು ಇಂಥ ಒಂದು ಕೆಲಸ. ಇದರಲ್ಲಿ ಪ್ರೌಢಶಾಲೆಯ ವಿಜ್ಞಾನದ ಅನೇಕ ಪರಿಕಲ್ಪನೆಗಳು ಒಟ್ಟಿಗೆ ಸೇರುತ್ತವೆ: ಆವೀಕರಣ, ವಿಸರಣ, ಸಾಂದ್ರತೆ, ದಹನ, ಪ್ಲವನತೆ, ಸ್ಥಾಯಿ ವಿದ್ಯುತ್, ಸೂಕ್ಷ್ಮಜೀವಿಗಳು. ಈ ಲೇಖನದಲ್ಲಿ ಮೊದಲು ವಿಷಯವನ್ನು ವಿವರಿಸಿ, ನಂತರ ಅದನ್ನು ತರಗತಿಗೆ ಒಯ್ಯುವ ಬಗೆಯನ್ನು ಸೂಚಿಸಲಾಗಿದೆ.

ಟ್ಯಾಂಕನ್ನು ಏಕೆ ತೆಗೆಯುತ್ತಾರೆ?

ಪೆಟ್ರೋಲ್ ಪಂಪಿನಲ್ಲಿ ನಮಗೆ ಕಾಣುವುದು ಡಿಸ್ಪೆನ್ಸರ್ ಯಂತ್ರ ಮಾತ್ರ. ಇಂಧನ ಇರುವುದು ನೆಲದಡಿಯ ಉಕ್ಕಿನ ಟ್ಯಾಂಕುಗಳಲ್ಲಿ. ಅವುಗಳ ಸುತ್ತ ಮರಳು ತುಂಬಿರುತ್ತದೆ, ಮೇಲೆ ಮ್ಯಾನ್‌ಹೋಲ್ ಮುಚ್ಚಳವಿರುತ್ತದೆ. ಡಿಪ್ ರಾಡ್ ಇಳಿಸಿ ಮಟ್ಟ ನೋಡಲು ಒಂದು ಕೊಳವೆ, ಆವಿ ಹೊರಹೋಗಲು ಎತ್ತರದ ಇನ್ನೊಂದು ಕೊಳವೆ ಇರುತ್ತದೆ. ಉಕ್ಕಿಗೆ ಗಾಳಿ, ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಟ್ಯಾಂಕು ಹಳತಾದಾಗ, ಸೋರಿಕೆ ಕಂಡಾಗ, ರಸ್ತೆ ಅಗಲವಾಗಿ ಪಂಪನ್ನು ಸ್ಥಳಾಂತರಿಸುವಾಗ ಅಥವಾ ಪಂಪ್ ಮುಚ್ಚಿದಾಗ ಟ್ಯಾಂಕನ್ನು ಹೊರತೆಗೆಯಬೇಕಾಗುತ್ತದೆ. ಪಂಪುಗಳಲ್ಲದೆ ಕಾರ್ಖಾನೆ, ಬಸ್ ಡಿಪೋ, ದೊಡ್ಡ ಜನರೇಟರ್ ಇರುವ ಕಟ್ಟಡಗಳಲ್ಲೂ ಡೀಸೆಲ್ ಟ್ಯಾಂಕುಗಳಿವೆ.

ಈ ಕೆಲಸ ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಆದ್ದರಿಂದ ಸ್ಥಳೀಯವಾಗಿ ಇದರಲ್ಲಿ ನುರಿತವರು ಕಡಿಮೆ. ಅಗೆಯಲು ಬಂದ ಕೂಲಿಗೆ, ಎತ್ತಲು ಬಂದ ಕ್ರೇನಿನವನಿಗೆ, ಗುಜರಿಗೆ ಕೊಂಡು ಕತ್ತರಿಸುವವನಿಗೆ ಅದು ಒಂದು ಕಬ್ಬಿಣದ ಡಬ್ಬಿಯಷ್ಟೇ. ಅಪಾಯ ಹುಟ್ಟುವುದು ಈ ತಿಳುವಳಿಕೆಯಿಂದ.

ಖಾಲಿ ಟ್ಯಾಂಕಿನ ಲೆಕ್ಕ

‘ಟ್ಯಾಂಕು ತುಂಬಿದ್ದಾಗ ಅಪಾಯ ಹೆಚ್ಚು, ಖಾಲಿಯಾದಾಗ ಕಡಿಮೆ’ ಎಂದು ಮಕ್ಕಳೂ ದೊಡ್ಡವರೂ ನಂಬುತ್ತಾರೆ. ಇದು ತಪ್ಪು. ಹೊತ್ತಿಕೊಳ್ಳುವುದು ಪೆಟ್ರೋಲ್ ದ್ರವವಲ್ಲ, ಅದರಿಂದೆದ್ದ ಆವಿ. ಆ ಆವಿ ಗಾಳಿಯೊಡನೆ ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಹೊತ್ತುತ್ತದೆ. ಪೆಟ್ರೋಲ್ ಆವಿಗೆ ಆ ಪ್ರಮಾಣ ಗಾತ್ರದಲ್ಲಿ ಸುಮಾರು ಶೇ. 1.4ರಿಂದ ಶೇ. 7.6. ಇದಕ್ಕಿಂತ ಕಡಿಮೆಯಿದ್ದರೆ ಇಂಧನ ಸಾಲದು, ಹೆಚ್ಚಿದ್ದರೆ ಆಮ್ಲಜನಕ ಸಾಲದು. ತುಂಬಿದ ಟ್ಯಾಂಕಿನಲ್ಲಿ ಮೇಲೆ ಉಳಿದ ಜಾಗ ಸಾಮಾನ್ಯವಾಗಿ ದಟ್ಟ ಆವಿಯಿಂದ ತುಂಬಿರುತ್ತದೆ. ಖಾಲಿ ಮಾಡಿ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿ, ಮಿಶ್ರಣ ಸ್ಫೋಟದ ಮಿತಿಯೊಳಗೆ ಬರುತ್ತದೆ.

ಎಷ್ಟು ಪೆಟ್ರೋಲ್ ಉಳಿದರೆ ಸಾಕು? ತರಗತಿಯಲ್ಲೇ ಲೆಕ್ಕ ಹಾಕಬಹುದು. ಟ್ಯಾಂಕಿನ ಗಾತ್ರ 20,000 ಲೀಟರ್ ಎಂದುಕೊಳ್ಳೋಣ. ಅದರ ಶೇ. 1.4 ಅಂದರೆ 280 ಲೀಟರ್ ಆವಿ. ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲಕ್ಕೆ ಸುಮಾರು 24.5 ಲೀಟರ್ ಜಾಗ ಬೇಕು, ಹಾಗಾದರೆ 280 ಲೀಟರಿನಲ್ಲಿ ಸುಮಾರು 11.4 ಮೋಲ್. ಪೆಟ್ರೋಲ್ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಸರಾಸರಿ ಮೋಲಾರ್ ರಾಶಿಯನ್ನು 100 ಗ್ರಾಂ ಎಂದು ಹಿಡಿದರೆ 1.14 ಕಿ.ಗ್ರಾಂ. ಅಂದರೆ ಸುಮಾರು ಒಂದೂವರೆ ಲೀಟರ್ ದ್ರವ! ಮೇಲಿನ ಮಿತಿ ಶೇ. 7.6ಕ್ಕೆ ಇದೇ ಲೆಕ್ಕ ಮಾಡಿದರೆ ಸುಮಾರು ಎಂಟೂವರೆ ಲೀಟರ್ ಬರುತ್ತದೆ. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕನ್ನು ಪಂಪಿನಿಂದ ಎಷ್ಟೇ ಬಸಿದರೂ ತಳದ ಕೆಸರಿನಲ್ಲಿ, ಗೋಡೆಯ ತುಕ್ಕಿನ ಪದರಿನಲ್ಲಿ ಒಂದೂವರೆ ಲೀಟರ್ ಉಳಿಯುವುದು ಸಹಜ. ಆದ್ದರಿಂದ ‘ಖಾಲಿ’ ಎನ್ನುವ ಮಾತನ್ನು ಈ ಕೆಲಸದಲ್ಲಿ ಅಳತೆಯಿಲ್ಲದೆ ಬಳಸಬಾರದು.

ಇನ್ನೂ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹಾರಿಹೋಗದೆ ಗುಂಡಿ, ಚರಂಡಿ, ತಗ್ಗುಗಳಲ್ಲಿ ಮಡುಗಟ್ಟುತ್ತದೆ, ನೆಲದ ಮೇಲೆ ಹರಿದು ದೂರದ ಕಿಡಿಯನ್ನು ತಲುಪುತ್ತದೆ. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಸೋರಿದ ಪೆಟ್ರೋಲಿನ ಆವಿ ಹೀಗೆ ಹರಡಿ ಸ್ಫೋಟಿಸಿತು. ಬೆಂಕಿ ಹತ್ತಕ್ಕೂ ಹೆಚ್ಚು ದಿನ ಉರಿಯಿತು. ಎರಡು, ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ನಮ್ಮ ಯಾವ ಚಳಿಗಾಲದಲ್ಲೂ ಅದು ಸುಮ್ಮನಿರುವುದಿಲ್ಲ. ಡೀಸೆಲಿನ ಫ್ಲ್ಯಾಶ್ ಪಾಯಿಂಟ್ ಇದಕ್ಕಿಂತ ಬಹಳ ಮೇಲಿದೆ. ಹಾಗೆಂದು ಡೀಸೆಲ್ ಟ್ಯಾಂಕು ನಿರಪಾಯವಲ್ಲ. ಗ್ಯಾಸ್ ಕಟರಿನ ಜ್ವಾಲೆ ತಗಡನ್ನು ಕಾಯಿಸಿದಾಗ ಒಳಗಂಟಿದ ಡೀಸೆಲ್ ಆವಿಯಾಗುತ್ತದೆ, ಅದೇ ಜ್ವಾಲೆ ಅದನ್ನು ಹೊತ್ತಿಸುತ್ತದೆ. ಹಳೆಯ ಬ್ಯಾರಲ್‌ಗಳನ್ನು ಕೊಯ್ದು ನೀರಿನ ತೊಟ್ಟಿ ಮಾಡುವಾಗ ಅವು ಸಿಡಿಯುವುದು ಇದೇ ಕಾರಣಕ್ಕೆ.

ಹಗೇವಿನ ದೀಪ, ಟ್ಯಾಂಕಿನ ದೀಪ

ನಮ್ಮ ಭಾಗದ ಹಿರಿಯರಿಗೆ ಹಗೇವು ಗೊತ್ತು. ಜೋಳವನ್ನು ನೆಲದಡಿ ತುಂಬಿ ಮುಚ್ಚಿಡುವ ಕಣಜ ಅದು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ತುಂಬಿಡುತ್ತದೆ. ಆದ್ದರಿಂದಲೇ ಕಾಳಿಗೆ ಹುಳ ಹಿಡಿಯುವುದಿಲ್ಲ, ಆದ್ದರಿಂದಲೇ ತೆರೆದ ಕೂಡಲೇ ಒಳಗಿಳಿದವನು ಕುಸಿಯುತ್ತಾನೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡುವುದು ಹಳೆಯ ರೂಢಿ. ದೀಪ ಆರಿದರೆ ಇಳಿಯಬಾರದು. ಹಾಳುಬಾವಿಗೂ ಇದೇ ಪರೀಕ್ಷೆ.

ಇದು ಅನುಭವದಿಂದ ಬಂದ ಒಳ್ಳೆಯ ವಿಜ್ಞಾನ. ಆದರೆ ಇಂಧನ ಟ್ಯಾಂಕಿಗೆ ಇದೇ ಪರೀಕ್ಷೆ ಮಾಡಿದರೆ ದೀಪವೇ ಕಿಡಿಯಾಗುತ್ತದೆ. ಹಗೇವಿನಲ್ಲಿ ಇರುವುದು ಆರಿಸುವ ಅನಿಲ, ಟ್ಯಾಂಕಿನಲ್ಲಿ ಇರುವುದು ಉರಿಯುವ ಅನಿಲ. ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕು ಹುದುಗಿದರೆ ಹಗೇವಿನಂತೆ ಇಂಗಾಲದ ಡೈಆಕ್ಸೈಡ್, ಡಿಸ್ಟಿಲರಿಯ ತ್ಯಾಜ್ಯನೀರಿನ ತೊಟ್ಟಿಯಲ್ಲಿ ಉರಿಯುವ ಮಿಥೇನ್ ಮತ್ತು ವಿಷಕಾರಿ ಹೈಡ್ರೋಜನ್ ಸಲ್ಫೈಡ್. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆಯಿದ್ದರೂ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ‘ವಾಸನೆ ಹೋಯಿತು, ಈಗ ಇಳಿಯಬಹುದು’ ಎಂದವನು ಅತಿ ಅಪಾಯದ ಕ್ಷಣದಲ್ಲಿರುತ್ತಾನೆ.

ಆದ್ದರಿಂದ ಮೂಗನ್ನೂ ದೀಪವನ್ನೂ ಬಿಟ್ಟು ಅನಿಲ ಮಾಪಕವನ್ನು ನಂಬಬೇಕು. ಅಳತೆಗೆ ಒಂದು ಕ್ರಮವಿದೆ: ಮೊದಲು ಆಮ್ಲಜನಕ, ನಂತರ ಉರಿಯುವ ಅನಿಲ, ಕೊನೆಗೆ ವಿಷಾನಿಲ. ಆಮ್ಲಜನಕ ಮೊದಲು ಏಕೆಂದರೆ ಉರಿಯುವ ಅನಿಲವನ್ನು ಅಳೆಯುವ ಅನೇಕ ಮಾಪಕಗಳು ಸರಿಯಾಗಿ ಓದಲು ಸಾಕಷ್ಟು ಆಮ್ಲಜನಕ ಬೇಕು. ಒಳಗಿಳಿಯಲು ಆಮ್ಲಜನಕ ಶೇ. 19.5ರಿಂದ 23.5ರೊಳಗಿರಬೇಕು, ಉರಿಯುವ ಅನಿಲ ಅದರ ಕೆಳಮಿತಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಭಾರದ ಆವಿ ತಳದಲ್ಲಿ ಕೂರುವುದರಿಂದ ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಅಳೆಯಬೇಕು. ಕೆಸರು ಕಲಕಿದಾಗ ಮತ್ತೆ ಆವಿ ಏಳುವುದರಿಂದ ಕೆಲಸ ನಡೆಯುವಷ್ಟು ಹೊತ್ತೂ ಅಳೆಯುತ್ತಿರಬೇಕು.

ತೆರವಿನ ಕೆಲಸದ ಕ್ರಮ

1. ತಯಾರಿ: ವಿದ್ಯುತ್ ಸಂಪರ್ಕ ಕಡಿತ, ಸುತ್ತ ಬೇಲಿ, ಬೀಡಿ–ಸಿಗರೇಟು, ಮೊಬೈಲ್ ನಿಷೇಧ. ಟ್ರ್ಯಾಕ್ಟರ್, ಜನರೇಟರ್ ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ದೂರದಲ್ಲಿ. ಬೆಂಕಿ ಆರಿಸುವ ಸಾಧನ ಕೈಗೆಟುಕುವಂತೆ.

2. ಬಸಿಯುವುದು: ಟ್ಯಾಂಕಿಗೆ ಸೇರಿದ ಕೊಳವೆಗಳನ್ನು ಬಸಿದು, ಬೇರ್ಪಡಿಸಿ, ಬಾಯಿ ಮುಚ್ಚುವುದು. ಉಳಿದ ದ್ರವವನ್ನು ಕಿಡಿ ಹಾರದ ಪಂಪಿನಿಂದ ತೆಗೆಯುವುದು. ದ್ರವ ಕೊಳವೆಯಲ್ಲಿ ಹರಿಯುವಾಗ ಸ್ಥಾಯಿ ವಿದ್ಯುತ್ ಕೂಡುತ್ತದೆ. ಅದಕ್ಕಾಗಿ ಟ್ಯಾಂಕು, ಪಂಪು, ಟ್ಯಾಂಕರ್ ಮೂರನ್ನೂ ತಂತಿಯಿಂದ ಜೋಡಿಸಿ ಭೂಮಿಗೆ ಸಂಪರ್ಕ ಕೊಡಬೇಕು.

3. ಆವಿಯನ್ನು ನಿಭಾಯಿಸುವುದು: ಇದಕ್ಕೆ ಮೂರು ದಾರಿಗಳಿವೆ. ನೀರು ತುಂಬಿ ಆವಿಯನ್ನು ಹೊರದೂಡುವುದು, ಗಾಳಿ ಹಾಯಿಸಿ ಆವಿಯನ್ನು ಕೆಳಮಿತಿಗಿಂತ ಇಳಿಸುವುದು, ಅಥವಾ ನೈಟ್ರೋಜನ್, ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕವನ್ನು ಕಡಿಮೆ ಮಾಡುವುದು. ಅಗ್ನಿ ತ್ರಿಕೋನದ ಯಾವ ಭುಜವನ್ನು ಯಾವ ದಾರಿ ಮುರಿಯುತ್ತದೆ ಎಂಬುದು ಮಕ್ಕಳಿಗೆ ಒಳ್ಳೆಯ ಪ್ರಶ್ನೆ.

4. ಅಗೆದು ಎತ್ತುವುದು: ಅಳತೆ ಸುರಕ್ಷಿತ ಎಂದು ತೋರಿದ ಮೇಲೆ ಮಾತ್ರ. ಎತ್ತುವ ಹಗ್ಗ, ಸರಪಳಿಯ ಕೆಳಗೆ ಯಾರೂ ನಿಲ್ಲಬಾರದು.

5. ಸಾಗಣೆ ಮತ್ತು ಕತ್ತರಿಸುವಿಕೆ: ಟ್ಯಾಂಕನ್ನು ಅದೇ ದಿನ ಸಾಗಿಸುವುದು ಮೇಲು. ರಾತ್ರಿಯಿಟ್ಟರೆ ತುಕ್ಕಿನೊಳಗಿನ ಇಂಧನ ಮತ್ತೆ ಆವಿಯಾಗುತ್ತದೆ, ಬೆಳಗ್ಗೆ ಮತ್ತೆ ಅಳೆಯಲೇಬೇಕು. ‘ಇದರಲ್ಲಿ ಪೆಟ್ರೋಲ್ ಇತ್ತು, ಆಹಾರ ಅಥವಾ ನೀರಿಗೆ ಬಳಸಬಾರದು’ ಎಂದು ಮೇಲೆ ದೊಡ್ಡದಾಗಿ ಬರೆಯಬೇಕು. ಗುಜರಿಯವನಿಗೆ ಆ ಬರಹವೇ ಎಚ್ಚರಿಕೆ.

ಮೂರನೆಯ ಹಂತದಲ್ಲಿ ಒಂದು ವಿರೋಧಾಭಾಸವಿದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಸೂತ್ರದಂತೆ ಪ್ರತಿ 1,000 ಲೀಟರ್ ಗಾತ್ರಕ್ಕೆ ಸುಮಾರು 1.8 ಕಿ.ಗ್ರಾಂ ಡ್ರೈ ಐಸ್ ಪುಡಿಮಾಡಿ ಹಾಕುತ್ತಾರೆ. 20,000 ಲೀಟರಿಗೆ 36 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡಿನ ಮೋಲಾರ್ ರಾಶಿ 44. ಆದ್ದರಿಂದ 36 ಕಿ.ಗ್ರಾಂ ಅಂದರೆ ಸುಮಾರು 818 ಮೋಲ್, ಅದರ ಗಾತ್ರ ಸುಮಾರು 20,000 ಲೀಟರ್. ಅಂದರೆ ಟ್ಯಾಂಕಿನಷ್ಟೇ ಅನಿಲ ಹುಟ್ಟಿ ಒಳಗಿನ ಗಾಳಿಯನ್ನು ಹೊರದೂಡುತ್ತದೆ. ಹೊರಹೋಗಲು ಕೊಳವೆ ತೆರೆದಿರಬೇಕು, ಇಲ್ಲದಿದ್ದರೆ ಒತ್ತಡ ಏರುತ್ತದೆ. ಈಗ ಟ್ಯಾಂಕಿಗೆ ಬೆಂಕಿ ಹತ್ತುವುದಿಲ್ಲ. ಆದರೆ ಅದರೊಳಗೆ ಮನುಷ್ಯ ಉಸಿರಾಡಲಾರ, ಅದು ದೊಡ್ಡ ಹಗೇವಾಗಿದೆ. ಬೆಂಕಿಗೆ ಸುರಕ್ಷಿತವಾದದ್ದು ಉಸಿರಿಗೆ ಸುರಕ್ಷಿತವಲ್ಲ. ಈ ಒಂದು ವಾಕ್ಯ ತಿಳಿದ ಕಾರ್ಮಿಕ ‘ಸೇಫ್ ಮಾಡಿದೀವಿ’ ಎಂಬ ಮಾತು ಕೇಳಿದಾಗ ‘ಯಾವುದಕ್ಕೆ ಸೇಫ್?’ ಎಂದು ಕೇಳುತ್ತಾನೆ.

ಗುಂಡಿ, ಎರೆ ಮಣ್ಣು, ತೇಲುವ ಟ್ಯಾಂಕು

ಎಲ್ಲರ ಗಮನ ಬೆಂಕಿಯ ಮೇಲಿರುವಾಗ ಮಣ್ಣು ಕುಸಿದು ಜೀವ ಹೋಗಬಹುದು. ಘಟಪ್ರಭಾ ದಂಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಟ್ಯಾಂಕಿನ ಸುತ್ತಲಿನ ಮರಳಿಗೂ ಹಿಡಿತವಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನೂ ಉಸಿರು ಕಟ್ಟಿ ಸಾಯಬಹುದು. ಆದ್ದರಿಂದ ಒಂದೂವರೆ ಮೀಟರಿಗಿಂತ ಆಳವಾದ ಗುಂಡಿಗೆ ಇಳಿಜಾರು ಕೊಡಬೇಕು ಅಥವಾ ಹಲಗೆ–ಆಧಾರ ಕಟ್ಟಬೇಕು. ತೆಗೆದ ಮಣ್ಣನ್ನು ಅಂಚಿಗೇ ಸುರಿಯಬಾರದು, ಹತ್ತಿ ಬರಲು ಏಣಿ ಇರಬೇಕು. ಆವಿ ಭಾರವಾದ್ದರಿಂದ ಗುಂಡಿಯೂ ಒಂದು ಟ್ಯಾಂಕಿನಂತೆಯೇ, ಅಲ್ಲಿಯೂ ಅನಿಲ ಅಳೆಯಬೇಕು.

ಮಳೆಗಾಲದ ಇನ್ನೊಂದು ಅಪಾಯ ಪ್ಲವನತೆಯದು. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ಪಟ್ಟಣದ ತಗ್ಗು ಭಾಗಗಳಿಗೆ ನೀರು ನುಗ್ಗಿದ್ದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ. 20,000 ಲೀಟರಿನ ಟ್ಯಾಂಕು ಪೂರ್ತಿ ನೀರಿನಲ್ಲಿ ಮುಳುಗಿದರೆ ಅದು 20 ಟನ್ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ಎರಡು ಮೀಟರ್ ವ್ಯಾಸ, ಸುಮಾರು 6.4 ಮೀಟರ್ ಉದ್ದ, 6 ಮಿ.ಮೀ. ದಪ್ಪದ ಉಕ್ಕಿನ ತಗಡು ಎಂದು ಲೆಕ್ಕ ಹಾಕಿದರೆ ಟ್ಯಾಂಕಿನ ಸ್ವಂತ ತೂಕ ಸುಮಾರು 2.2 ಟನ್ ಮಾತ್ರ. ಪೆಟ್ರೋಲ್ ತುಂಬಿದ್ದರೂ ಒಟ್ಟು ಸುಮಾರು 17 ಟನ್. ಆಗಲೂ ಅದು ತೇಲಲು ಯತ್ನಿಸುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ಮಣ್ಣು ಮತ್ತು ಕಾಂಕ್ರೀಟು. ನಾವು ಆ ಮಣ್ಣನ್ನು ತೆಗೆದು, ರಾತ್ರಿ ಮಳೆ ಸುರಿದು ಗುಂಡಿ ತುಂಬಿದರೆ ಟ್ಯಾಂಕು ತಾನೇ ಮೇಲೇಳಬಹುದು, ಕೊಳವೆಗಳು ಮುರಿಯಬಹುದು. ಆರ್ಕಿಮಿಡೀಸ್ ತತ್ವಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಕಲುಷಿತ ನೆಲದ ಶುದ್ಧೀಕರಣ

ಟ್ಯಾಂಕು ಎದ್ದ ಮೇಲೆ ಕೆಳಗಿನ ಮಣ್ಣು ಕಪ್ಪಗೆ ಜಿಡ್ಡಾಗಿದ್ದರೆ, ವಾಸನೆ ಬಂದರೆ, ಇಂಧನ ಸೋರಿದೆ ಎಂದರ್ಥ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತ ಹರಿಯುತ್ತದೆ. ಅದರಲ್ಲಿನ ಬೆಂಜೀನ್ ಸ್ವಲ್ಪ ಮಟ್ಟಿಗೆ ನೀರಿನಲ್ಲಿ ಕರಗಿ ಬಾವಿ, ಬೋರ್‌ವೆಲ್ ಸೇರುತ್ತದೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಕೊಳವೆ ಮಾರ್ಗದಿಂದ ಸೋರಿದ ಇಂಧನ ಮನೆಗಳ ಬೋರ್‌ವೆಲ್ ನೀರಿನಲ್ಲಿ ಕಾಣಿಸಿಕೊಂಡು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುವ ವಸ್ತು. ನಮ್ಮ ಈಗಿನ ಪೆಟ್ರೋಲಿನಲ್ಲಿ ಅದು ಶೇ. 1ಕ್ಕಿಂತ ಹೆಚ್ಚಿರಬಾರದು ಎಂಬ ಮಿತಿಯಿದೆ. ವಾಹನ ಸವಾರನಿಗೆ ಇದು ಸಣ್ಣ ಸಂಗತಿ. ಆದರೆ ವಾರಗಟ್ಟಲೆ ಆ ಮಣ್ಣನ್ನು ಅಗೆದು, ಹೊತ್ತು, ಅದೇ ಕೈಯಲ್ಲಿ ರೊಟ್ಟಿ ಮುರಿಯುವ ಕೂಲಿಗೆ ಸಣ್ಣದಲ್ಲ. ಇಲ್ಲಿ ಹಾನಿ ಸ್ಫೋಟದಂತೆ ಸದ್ದು ಮಾಡುವುದಿಲ್ಲ. ವರ್ಷಗಳ ನಂತರ ಬರುತ್ತದೆ, ಆಗ ಅದನ್ನು ಈ ಕೆಲಸಕ್ಕೆ ಯಾರೂ ಜೋಡಿಸುವುದಿಲ್ಲ.

ಆದ್ದರಿಂದ ಸ್ಥಳವನ್ನು ಮೂರು ವಲಯಗಳಾಗಿ ಗುರುತಿಸುತ್ತಾರೆ: ಕೆಲಸ ನಡೆಯುವ ಕಲುಷಿತ ವಲಯ, ಕೈಕಾಲು–ಬೂಟು ತೊಳೆದು ಬಟ್ಟೆ ಬದಲಿಸುವ ನಡುವಣ ವಲಯ, ಊಟ–ವಿಶ್ರಾಂತಿಯ ಶುಚಿ ವಲಯ. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು, ಅದನ್ನು ಒಗೆಯುವ ತಾಯಿ, ಹೆಂಡತಿಗೂ ಅದೇ ವಿಷ ತಾಗುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಧೂಳನ್ನು ಸ್ವಲ್ಪ ತಡೆಯಬಹುದು, ಆವಿಯನ್ನು ತಡೆಯದು. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಆವಿಯನ್ನು ಹಿಡಿಯಬಲ್ಲದು, ಆದರೆ ಆಮ್ಲಜನಕವನ್ನು ಹುಟ್ಟಿಸಲಾರದು. ಆಮ್ಲಜನಕ ಕಡಿಮೆ ಇರುವಲ್ಲಿ ಸಿಲಿಂಡರಿನಿಂದ ಗಾಳಿ ಕೊಡುವ ಉಪಕರಣವೇ ಬೇಕು.

ಅಗೆದ ಮಣ್ಣನ್ನು ಹಾಳೆಯ ಮೇಲೆ ಹಾಕಿ ಮುಚ್ಚಿಡಬೇಕು. ಅದನ್ನು ರಸ್ತೆ ತಗ್ಗಿಗೆ, ಹೊಲದ ಬದುವಿಗೆ ಸುರಿಯುವಂತಿಲ್ಲ. ಟ್ಯಾಂಕಿನ ತಳದ ಎಣ್ಣೆ ಕೆಸರು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿದ್ದು, ಅದನ್ನು ಅಧಿಕೃತ ಘಟಕಕ್ಕೇ ಕಳಿಸಬೇಕು. ಕಡಿಮೆ ಕೆಟ್ಟ ಮಣ್ಣನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸಬಹುದು. ದೆಹಲಿಯ ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜ್ಯಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತೈಲದ ಕೆಸರನ್ನು ಆಹಾರವಾಗಿ ಬಳಸುತ್ತದೆ.

ಕಾಪಾಡಲು ಇಳಿದವರ ಸಾವು

ನಮ್ಮ ನೆರೆಯ ಮುಧೋಳ ತಾಲ್ಲೂಕಿನ ಕುಳಲಿ ಬಳಿಯ ಸಕ್ಕರೆ ಕಾರ್ಖಾನೆಯ ಆವರಣದಲ್ಲಿ 2018ರ ಡಿಸೆಂಬರ್ 16ರಂದು ಡಿಸ್ಟಿಲರಿಯ ತ್ಯಾಜ್ಯನೀರು ಸಂಸ್ಕರಣಾ ಘಟಕ ಸ್ಫೋಟಿಸಿ ನಾಲ್ವರು ಸತ್ತರು. ಮಂಗಳೂರು ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ 2021ರ ಏಪ್ರಿಲ್ 18ರಂದು ಮೀನಿನ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಕಾರ್ಮಿಕ ಬಿದ್ದ. ಕಾಪಾಡಲು ಜೊತೆಗಾರರು ಇಳಿದರು. ವಿಷಾನಿಲಕ್ಕೆ ಐವರು ಬಲಿಯಾದರು. ಎಲ್ಲರೂ ದೂರದ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇವೆರಡೂ ಇಂಧನ ಟ್ಯಾಂಕುಗಳಲ್ಲ. ಆದರೆ ಮುಚ್ಚಿದ ಜಾಗ, ಕಾಣದ ಅನಿಲ ಎರಡೂ ಕಡೆ ಇದ್ದವು.

ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿಯೇ ಎಚ್ಚರಿಸಿತ್ತು. ಅಣ್ಣ ಬಿದ್ದ ಎಂದು ತಮ್ಮ, ತಮ್ಮ ಬಿದ್ದ ಎಂದು ಕಾಕಾ. ಇಲ್ಲಿ ಕೊಲ್ಲುವುದು ಪ್ರೀತಿ ಮತ್ತು ಧೈರ್ಯ. ಆದ್ದರಿಂದ ‘ಹುಷಾರಾಗಿರಿ’ ಎಂಬ ಬುದ್ಧಿಮಾತು ಸಾಲದು. ಮಕ್ಕಳಿಗೆ ಕಲಿಸಬೇಕಾದದ್ದು ಸ್ಪಷ್ಟ ಕ್ರಮ: ಒಳಗೆ ಇಳಿಯಬೇಡ, ಕೂಗಿ ಜನ ಸೇರಿಸು, 112ಕ್ಕೆ ಕರೆ ಮಾಡಿ ‘ಟ್ಯಾಂಕಿನೊಳಗೆ ಅನಿಲ ಇದೆ’ ಎಂದು ಹೇಳು, ಬೀಡಿ, ದೀಪ, ಎಂಜಿನ್ ದೂರವಿಡು, ಬಿದ್ದವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಹೊರಗಿನಿಂದಲೇ ಎಳೆ. ಹಗ್ಗ ಮೊದಲೇ ಕಟ್ಟಿರಬೇಕು ಎಂಬುದು ಈ ಕೊನೆಯ ಮಾತಿನಿಂದಲೇ ಹೊಳೆಯುತ್ತದೆ.

ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಇದನ್ನೇ ಹೇಳಿತ್ತು. ಅನಿಲ ಇರಬಹುದಾದ ಟ್ಯಾಂಕು, ಗುಂಡಿ, ಕೊಳವೆಯೊಳಗೆ ಯಾರನ್ನೂ ಇಳಿಸಬಾರದು. ಇಳಿಸಬೇಕಾದರೆ ಪರೀಕ್ಷಿಸಿ, ಅಪಾಯವಿಲ್ಲವೆಂದು ಅರ್ಹ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಮತ್ತು ಬೆಲ್ಟ್ ಧರಿಸಿ, ಹಗ್ಗದ ಇನ್ನೊಂದು ತುದಿಯನ್ನು ಹೊರಗಿನವನು ಹಿಡಿದಿರಬೇಕು. ಮುಂದಿನ 36ಎ ಕಲಂ ಅಂಥ ಜಾಗದಲ್ಲಿ 24 ವೋಲ್ಟಿಗಿಂತ ಹೆಚ್ಚಿನ ಕೈದೀಪವನ್ನು ನಿಷೇಧಿಸಿತ್ತು. ಈ ಕಾಯ್ದೆಯ ಜಾಗಕ್ಕೆ ಬಂದಿರುವುದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ. ಇಂಧನ ಟ್ಯಾಂಕುಗಳ ಪರವಾನಗಿ, ಸುರಕ್ಷತೆ 2002ರ ಪೆಟ್ರೋಲಿಯಂ ನಿಯಮಗಳಡಿ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆಗೆ ಸೇರಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಹೊಸ ಪಂಪುಗಳು ಶಾಲೆಯಿಂದ ಸಾಮಾನ್ಯವಾಗಿ 50 ಮೀಟರ್ ದೂರವಿರಬೇಕೆಂಬ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಶಿಕ್ಷಕರಾದ ನಮಗೆ ನೇರವಾಗಿ ಸಂಬಂಧಿಸಿದ್ದು.

ತರಗತಿಯಲ್ಲಿ ಬಳಸುವ ಬಗೆ

ಈ ಘಟಕವನ್ನು ಎರಡು ಅವಧಿಗಳಲ್ಲಿ, 5ಇ ಮಾದರಿಯಲ್ಲಿ ಹೀಗೆ ಹಂಚಿಕೊಳ್ಳಬಹುದು.

ತೊಡಗಿಸಿಕೊಳ್ಳುವಿಕೆ: ‘ತುಂಬಿದ ಟ್ಯಾಂಕು, ಖಾಲಿ ಟ್ಯಾಂಕು: ಯಾವುದು ಹೆಚ್ಚು ಅಪಾಯ?’ ಎಂದು ಕೇಳಿ ಕೈ ಎತ್ತಿಸಿ, ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡುವುದು. ಅಂತ್ಯದಲ್ಲಿ ಮತ್ತೆ ಕೇಳಿ ಹೋಲಿಸಬೇಕು.

ಅನ್ವೇಷಣೆ: ಗಾಜಿನ ತೊಟ್ಟಿಯಲ್ಲಿ ಬೇರೆ ಬೇರೆ ಎತ್ತರದ ಮೂರು ಮೇಣದ ಬತ್ತಿ ಹಚ್ಚಿಟ್ಟು, ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಬಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಸುರಿಯುವುದು. ಗಿಡ್ಡ ಬತ್ತಿ ಮೊದಲು ಆರುತ್ತದೆ. ಭಾರದ ಅನಿಲ ತಳದಿಂದ ತುಂಬುವುದನ್ನು ಮಕ್ಕಳು ಕಣ್ಣಿನಿಂದ ಕಾಣುತ್ತಾರೆ. ಇದು ಮಾದರಿ ಮಾತ್ರ, ಪೆಟ್ರೋಲ್ ಆವಿಯಾಗಿದ್ದರೆ ಬತ್ತಿ ಆರದೆ ಸ್ಫೋಟವಾಗುತ್ತಿತ್ತು ಎಂದು ತಪ್ಪದೇ ಹೇಳಬೇಕು. ಪೆಟ್ರೋಲ್, ಸ್ಪಿರಿಟ್ ಬಳಸಿ ಯಾವ ಪ್ರಾತ್ಯಕ್ಷಿಕೆಯನ್ನೂ ಶಾಲೆಯಲ್ಲಿ ಮಾಡಬಾರದು.

ವಿವರಣೆ: ಒಂದೂವರೆ ಲೀಟರಿನ ಲೆಕ್ಕ, ಅಗ್ನಿ ತ್ರಿಕೋನ, ಹಗೇವು–ಟ್ಯಾಂಕು ಹೋಲಿಕೆಯ ಕೋಷ್ಟಕ. ಮೋಲ್ ಲೆಕ್ಕ ಒಂಬತ್ತನೇ ತರಗತಿಗೆ ಸರಿಹೊಂದುತ್ತದೆ. ಎಂಟನೆಯವರಿಗೆ ಉತ್ತರವನ್ನಷ್ಟೇ ಕೊಟ್ಟು, ಒಂದೂವರೆ ಲೀಟರ್ ನೀರನ್ನು ಬಾಟಲಿಯಲ್ಲಿ ತೋರಿಸಿದರೆ ಸಾಕು.

ವಿಸ್ತರಣೆ: ಮನೆಯ ಹಿರಿಯರನ್ನು ಹಗೇವು, ಹಾಳುಬಾವಿ, ಗೋಬರ್ ಗ್ಯಾಸ್ ಗುಂಡಿ, ಬ್ಯಾರಲ್ ಕೊಯ್ಯುವ ಬಗ್ಗೆ ಕೇಳಿ ಬರುವುದು. ನಾನು ಈ ಭಾಗ ಮಾಡಿದಾಗ ಒಬ್ಬ ಹುಡುಗ ಕೇಳಿದ: ‘ಸರ್, ನಮ್ಮ ಕಾಕಾ ಬ್ಯಾರಲ್ ಕೊಯ್ಯೂಕಿಂತ ಮೊದ್ಲ ನೀರ ತುಂಬ್ತಾರ್ರಿ, ಯಾಕ್ರಿ?’ ಉತ್ತರವನ್ನು ತರಗತಿಯೇ ಹುಡುಕಿತು: ನೀರು ಆವಿಯ ಜಾಗವನ್ನು ಹಿಡಿಯುತ್ತದೆ. ನಂತರದ ಚರ್ಚೆಯಲ್ಲಿ, ಮೇಲೆ ಉಳಿದ ಸ್ವಲ್ಪ ಜಾಗದಲ್ಲೂ ಆವಿ ಇರಬಹುದು, ಆದ್ದರಿಂದ ಇಂಧನ ಇದ್ದ ಬ್ಯಾರಲ್ ಕೊಯ್ಯದಿರುವುದೇ ಲೇಸು ಎಂಬ ತೀರ್ಮಾನಕ್ಕೂ ಬಂದರು. ಮನೆಯ ಅನುಭವವನ್ನು ಅಲ್ಲಗಳೆಯದೆ ಅದರೊಳಗಿನ ವಿಜ್ಞಾನವನ್ನೂ ಅದರ ಮಿತಿಯನ್ನೂ ತೋರಿಸಿದರೆ ಮಾತು ಮನೆಯವರೆಗೆ ತಲುಪುತ್ತದೆ.

ಮೌಲ್ಯಮಾಪನ: ಕೆಳಗಿನವು ಮಾದರಿ ಪ್ರಶ್ನೆಗಳು.
1. ಹಾಳುಬಾವಿಗೆ ದೀಪ ಇಳಿಸಿ ನೋಡಬಹುದು, ಪೆಟ್ರೋಲ್ ಟ್ಯಾಂಕಿಗೆ ಏಕೆ ಇಳಿಸಬಾರದು? (ಅನ್ವಯ)
2. ಟ್ಯಾಂಕಿನ ಬಾಯಿಯಲ್ಲಿ ಮಾತ್ರ ಅನಿಲ ಅಳೆದರೆ ಸಾಲದು. ಕಾರಣ ಕೊಡಿ. (ತಿಳುವಳಿಕೆ)
3. ನೀರು, ಗಾಳಿ, ನೈಟ್ರೋಜನ್: ಪ್ರತಿಯೊಂದೂ ಅಗ್ನಿ ತ್ರಿಕೋನದ ಯಾವ ಭುಜವನ್ನು ಮುರಿಯುತ್ತದೆ? (ವಿಶ್ಲೇಷಣೆ)
4. ಗುಂಡಿಯಲ್ಲಿ ಗೆಳೆಯ ಕುಸಿದು ಬಿದ್ದಿದ್ದಾನೆ. ಮೊದಲ ಎರಡು ನಿಮಿಷಗಳಲ್ಲಿ ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ? (ಮನೋಭಾವ, ಕೌಶಲ)

ನಾಲ್ಕನೆಯ ಪ್ರಶ್ನೆಯನ್ನು ಬರೆಸುವುದಕ್ಕಿಂತ ಅಭಿನಯಿಸಿ ತೋರಿಸುವುದು ಒಳ್ಳೆಯದು. ‘ಇಳಿಯುವುದಿಲ್ಲ’ ಎಂದು ಬಾಯಲ್ಲಿ ಹೇಳುವುದು ಸುಲಭ. ಕೂಗಾಟದ ನಡುವೆ ನಿಂತು ಫೋನ್ ಮಾಡುವುದಕ್ಕೆ ಅಭ್ಯಾಸ ಬೇಕು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಈ ಅಭಿನಯವನ್ನು ಇಡೀ ಶಾಲೆಯ ಮುಂದೆ, ಪಾಲಕರನ್ನೂ ಕರೆದು ಮಾಡಿಸಬಹುದು.

ಉಪಸಂಹಾರ

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಎಂಜಿನಿಯರ್ ಆಗುತ್ತಾರೆ, ಕೆಲವರು ಗುತ್ತಿಗೆದಾರರಾಗುತ್ತಾರೆ, ಹಲವರು ಕೂಲಿಗೆ ಹೋಗುತ್ತಾರೆ. ಮೂವರಿಗೂ ಬೇಕಾದ ಪ್ರಶ್ನೆ ಒಂದೇ: ‘ಅಳೆದು ನೋಡಿದ್ದೀರಾ?’ ಗುತ್ತಿಗೆದಾರನಾದವನು ಅದನ್ನು ತನಗೆ ತಾನೇ ಕೇಳಿಕೊಳ್ಳಬೇಕು, ಕೂಲಿಯಾದವನು ಹೆದರದೆ ಕೇಳುವಂತಿರಬೇಕು. ಆ ಪ್ರಶ್ನೆ ಕೇಳುವ ಧೈರ್ಯ ಕಾಯ್ದೆಯ ಪುಸ್ತಕದಿಂದ ಬರುವುದಿಲ್ಲ, ಕಾರಣ ಗೊತ್ತಿರುವುದರಿಂದ ಬರುತ್ತದೆ. ಕಾರಣ ತಿಳಿಸುವ ಕೆಲಸ ವಿಜ್ಞಾನ ಶಿಕ್ಷಕರದು. ಈ ಘಟಕವನ್ನು ಬಳಸಿ ನೋಡುವ ಸಹಪ್ರಶಿಕ್ಷಣಾರ್ಥಿಗಳು ತಮ್ಮ ಊರಿನ ಹಗೇವು, ಬಾವಿ, ಬ್ಯಾರಲ್‌ಗಳ ಉದಾಹರಣೆಗಳನ್ನು ಸೇರಿಸಿ ಇದನ್ನು ಬೆಳೆಸಬೇಕೆಂದು ವಿನಂತಿ.